ಲ್ಯಾಪ್‌ಟಾಪಿನ ಸುಗ್ಗಿ

ಕಂಪ್ಲಿಯಲ್ಲಿ ಭತ್ತದ ದಲಾಲಿಯಾಗಿದ್ದಷ್ಟು ಕಾಲ ನನ್ನ ಹೊಟ್ಟೆ ತುಂಬಿಸಿದ್ದು ಒಂದೇ ಪ್ರಶ್ನೆ: ಈಗ ಕೊಳ್ಳಬೇಕೋ, ಕಾಯಬೇಕೋ? ಮಿಲ್ಲಿನ ಸಾಹುಕಾರರು ಅದನ್ನು ಕೇಳುತ್ತಿದ್ದರು. ರೈತರು ಅದನ್ನೇ ಮಗುಚಿ, ಈಗ ಮಾರಬೇಕೋ ಕಾಯಬೇಕೋ ಎಂದು ಕೇಳುತ್ತಿದ್ದರು. ನಾನು ಚೀಲದ ಹೊಟ್ಟೆಗೆ ಕಬ್ಬಿಣದ ಬಂಬು ಚುಚ್ಚಿ, ಅದರ ಕೊಳವೆಯಲ್ಲಿ ಇಳಿದು ಬಂದ ಭತ್ತವನ್ನು ಅಂಗೈಗೆ ಸುರಿದುಕೊಂಡು, ತಿಕ್ಕಿ, ಹೊಟ್ಟು ಊದಿ, ಮೂಸಿ, ಕೊನೆಗೆ ಒಂದು ಕಾಳನ್ನು ಹಲ್ಲಿನಲ್ಲಿ ಕಡಿಯುತ್ತಿದ್ದೆ. ಕಟ್ ಎಂದು ಮುರಿದರೆ ಒಣಗಿದೆ, ಮೆತ್ತಗೆ ಚಪ್ಪಟೆಯಾದರೆ ಇನ್ನೂ ಹಸಿ. ಆಮೇಲೆ ಕಾಲುವೆಗೆ ನೀರು ಎಷ್ಟು ದಿನ ಬಿಡುತ್ತಾರೆ ಎಂಬುದನ್ನೆಲ್ಲ ಲೆಕ್ಕ ಹಾಕಿ ಮಾತು ಹೇಳುತ್ತಿದ್ದೆ. ಬಹಳ ಸಲ ಆ ಮಾತು ‘ಕಾಯ್ರಿ’ ಎಂಬುದೇ ಆಗಿರುತ್ತಿತ್ತು.

ಭತ್ತದ ವ್ಯಾಪಾರದಲ್ಲಿ ಕಾಯುವವನಿಗೆ ಮೋಸವಿಲ್ಲ. ಸುಗ್ಗಿ ಬಂದರೆ ಧಾರಣೆ ಬೀಳುತ್ತದೆ, ಆಗ ಕೊಂಡವನು ಗೆದ್ದ. ಕೊಂಡದ್ದನ್ನು ಗೋದಾಮಿನಲ್ಲಿಟ್ಟು ಹಳತು ಮಾಡಿದರೆ ಅನ್ನ ಉದುರುದುರಾಗುತ್ತದೆ, ಧಾರಣೆ ಏರುತ್ತದೆ, ಆಗಲೂ ಅವನೇ ಗೆದ್ದ. ಹತ್ತನೆಯ ತರಗತಿಗೇ ಶಾಲೆ ಬಿಟ್ಟ ನನಗೆ ಲೋಕಜ್ಞಾನವೆಂದರೆ ಇಷ್ಟೇ. ಎಲ್ಲ ವಸ್ತುವಿಗೂ ಒಂದು ಸುಗ್ಗಿ ಇದ್ದೇ ಇರುತ್ತದೆ ಎಂದು ನಂಬಿದ್ದೆ. ಆ ನಂಬಿಕೆಯಿಂದ ನನ್ನ ಸೊಸೆಗೆ ಏನು ಮಾಡಿದೆ ಎಂಬುದನ್ನು ಬರೆಯಲು ಕುಳಿತಿದ್ದೇನೆ. ನಂಬಿಕೆಯಿಂದ ಎಂದೆ. ಅದು ಪೂರ್ತಿ ನಿಜವಲ್ಲ. ನಿಜವನ್ನು ಹೇಳಲು ಸ್ವಲ್ಪ ಹಿಂದಿನಿಂದ ಬರಬೇಕಾಗುತ್ತದೆ.

ಗೋದಾಮಿನ ಧೂಳು ಎದೆಗೆ ಒಗ್ಗದೆ ಉಬ್ಬಸ ಶುರುವಾದಾಗ ಅದರಲ್ಲಿದ್ದ ನನ್ನ ಪಾಲನ್ನು ಮಾರಿ, ಹೆಂಡತಿಯನ್ನು ಕರೆದುಕೊಂಡು ಹೊಸಪೇಟೆಯ ಚಿತ್ತವಾಡ್ಗಿಯಲ್ಲಿದ್ದ ಮಗನ ಮನೆಗೆ ಬಂದೆ. ಭತ್ತದ ಧೂಳು ಬಿಟ್ಟು ಅದಿರಿನ ಧೂಳಿಗೆ ಬಂದಂತಾಯಿತು. ಗಣಿ ಜೋರಾಗಿದ್ದ ವರ್ಷಗಳು ಅವು. ಸಂಡೂರಿನ ಕಡೆಯ ಲಾರಿಗಳು ಬಾಲಕ್ಕೆ ಬಾಲ ಹಚ್ಚಿಕೊಂಡು ಹೋಗುತ್ತಿದ್ದವು. ಬೇವಿನ ಮರ ಕೆಂಪು, ಎಮ್ಮೆ ಕೆಂಪು, ಒಣಹಾಕಿದ ಪಂಚೆ ಕೆಂಪು. ಮಗ ಸಂಡೂರಿನ ಹತ್ತಿರ ಅದಿರು ಪುಡಿ ಮಾಡುವ ಒಂದು ಕ್ರಷರಿನಲ್ಲಿ ಎಲೆಕ್ಟ್ರಿಷಿಯನ್. ವಾರಕ್ಕೊಮ್ಮೆ ಮನೆಗೆ ಬಂದಾಗ ಒಳಗೆ ಕಾಲಿಡುವ ಮೊದಲು ಬಚ್ಚಲ ಕಲ್ಲಿನ ಮೇಲೆ ನಿಂತು ತಲೆಗೆ ನೀರು ಸುರಿದುಕೊಳ್ಳುತ್ತಿದ್ದ. ಕುಂಕುಮ ಕದಡಿದಂಥ ನೀರು ಹರಿದು ಹೋಗುತ್ತಿತ್ತು. ದಿನದ ಖರ್ಚು ಅವನದು. ದೊಡ್ಡ ಖರೀದಿಗಳು ಮಾತ್ರ ನನ್ನವು. ಗೋದಾಮಿನ ಪಾಲು ಮಾರಿದ ಹಣ ನನ್ನ ಹೆಸರಿನಲ್ಲಿತ್ತು. ಅದಕ್ಕಿಂತ ಹೆಚ್ಚಾಗಿ, ಕೊಳ್ಳುವ ವಿಷಯದಲ್ಲಿ ನನ್ನ ಮಾತೇ ಕೊನೆಯದು ಎಂಬುದು ನಮ್ಮ ಮನೆಯ ಪದ್ಧತಿಯಾಗಿತ್ತು.

ಸೊಸೆ ಬುಕ್ಕಸಾಗರದ ಗದ್ದೆಯವರ ಮಗಳು. ಪಿಯುಸಿ ಓದಿದ್ದಳು. ಮದುವೆಗೆ ಮುಂಚೆ ಕಮಲಾಪುರದ ಒಬ್ಬ ಮೇಷ್ಟ್ರ ಹತ್ತಿರ ಕನ್ನಡ ಟೈಪಿಂಗ್ ಕಲಿತಿದ್ದಳು. ಹಂಪಿಯ ಸುತ್ತಮುತ್ತ ರೂಮು ಮಾಡಿಕೊಂಡು ಸಂಶೋಧನೆ ಮಾಡುವ ಹುಡುಗರ ಪ್ರಬಂಧಗಳನ್ನು ಆ ಮೇಷ್ಟ್ರು ಟೈಪ್ ಮಾಡಿಕೊಡುತ್ತಿದ್ದರು. ಸೊಸೆಯ ಬೆರಳುಗಳಿಗೆ ಆ ಅಭ್ಯಾಸ ಇನ್ನೂ ಬಿಟ್ಟಿರಲಿಲ್ಲ. ಮೊರದಲ್ಲಿ ಅಕ್ಕಿ ಆರಿಸುವಾಗ ಕಲ್ಲು ತೆಗೆದು ಒಗೆದು, ಮರುಗಳಿಗೆ ಮೊರದ ಅಂಚಿನ ಮೇಲೆ ಬೆರಳು ಕುಣಿಸುತ್ತಿದ್ದಳು. ಏನು ಟೈಪ್ ಮಾಡುತ್ತಿದ್ದಾಳೋ ಎಂದು ನನಗೆ ಕುತೂಹಲವಾಗುತ್ತಿತ್ತು. ಕೇಳಲಿಲ್ಲ.

ದಸರೆ ಕಳೆದ ಮೇಲೆ ಒಂದು ಮಧ್ಯಾಹ್ನ ಅವಳೇ ಮಾತು ತೆಗೆದಳು.

“ಮಾವಾರ, ಒಂದ್ ಮಾತು ಕೇಳ್ಲೇನ್ರಿ?”

“ಕೇಳವ್ವ.”

“ನಮ್ಮ ಟೈಪಿಂಗ್ ಮೇಷ್ಟ್ರು ಕಣ್ಣು ಕಾಣವಲ್ದು ಅಂತ ಕೆಲಸ ಬಿಡಾಕತ್ಯಾರ. ದಾವಣಗೇರಿಗೆ ಮಗಳ ಮನಿಗೆ ಹೋಗ್ತಾರಂತ. ಅವರ ಹತ್ರ ಬರೋ ಹುಡುಗ್ರನ್ನ ಅಷ್ಟೂ ನನ್ ಕೈಗೆ ಹಾಕ್ತೀನಿ ಅಂದ್ರು. ಆದ್ರ ನನ್ ಹತ್ರ ಮಷಿನ್ ಇರ್ಬೇಕಲ್ರಿ.”

“ಆ ಸೈಬರ್ ಅಂಗಡ್ಯಾಗ ಕುಂತು ಮಾಡಾಕ ಬರಂಗಿಲ್ಲೇನು?”

“ಕರೆಂಟ್ ಹೋದ್ರ ಟೈಪ್ ಮಾಡಿದ್ದೂ ಹೋಗ್ತೈತ್ರಿ. ಲ್ಯಾಪ್‌ಟಾಪ್ ಆದ್ರ ಹೊಟ್ಯಾಗ ಬ್ಯಾಟ್ರಿ ಇರ್ತೈತಿ. ಊರೆಲ್ಲ ಕತ್ಲಾದ್ರೂ ಅದು ಎಚ್ಚರ ಇರ್ತೈತಿ.”

ಎಚ್ಚರವಾಗಿರುವ ಯಂತ್ರ! ನನ್ನ ಕಿವಿ ಆ ಮಾತಿನ ಮೇಲೆಯೇ ನಿಂತುಬಿಟ್ಟಿತು.

“ಯಾವಾಗ ಬೇಕವ್ವ?”

“ಶಿವರಾತ್ರಿ ಒಳಗ ಇದ್ರ ಸಾಕ್ರಿ. ಅಲ್ಲಿಂದ ಹುಡುಗ್ರು ತರಾಕ ಶುರು ಮಾಡ್ತಾರ. ಬ್ಯಾಸಿಗಿ ಮುಗಿಯೋತನಕ ಕೈ ಬಿಡುವಿರಂಗಿಲ್ಲ. ಮೇಷ್ಟ್ರಿಗೆ ಅದ ಸುಗ್ಗಿ.”

ಸುಗ್ಗಿ ಎಂಬ ಮಾತನ್ನು ಅವಳೇ ಆಡಿದ್ದಳು. ನನಗೆ ತಿಳಿಯುವ ಭಾಷೆಯಲ್ಲೇ ಹೇಳಿದ್ದಳು. ನಾನು ಬ್ಯಾಟರಿಯ ಬಗ್ಗೆ ಯೋಚಿಸುತ್ತಿದ್ದೆ.

ಮರುದಿನವೇ ಅಂಗಡಿಗೆ ಹೋದೆ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಗಾಜಿನ ಬಾಗಿಲಿನ ಅಂಗಡಿ. ಯಜಮಾನನಿಗೆ ಮೂವತ್ತರ ಹತ್ತಿರದ ವಯಸ್ಸು; ಅವನ ಅಪ್ಪ ಅದೇ ಜಾಗದಲ್ಲಿ ಪಂಪ್‌ಸೆಟ್ ಮಾರುತ್ತಿದ್ದ. ಒಳಗೆ ಹೋದರೆ ತಣ್ಣಗೆ, ಕರಿಯ ಲ್ಯಾಪ್‌ಟಾಪುಗಳು ಬಾಯಿ ತೆರೆದುಕೊಂಡು ಸಾಲಾಗಿ ಕುಳಿತಿದ್ದವು. ಅವನ ಕೈಯಲ್ಲಿ ಒಂದು ಬಟ್ಟೆ. ಬಾಗಿಲು ತೆರೆದಾಗಲೆಲ್ಲ ಬೀದಿಯ ಧೂಳು ಒಳಗೆ ಬರುತ್ತಿತ್ತು, ಅವನು ಒರೆಸುತ್ತಲೇ ಇದ್ದ. ಹಳದಿ ಬಟ್ಟೆ ಇಟ್ಟಿಗೆಯ ಬಣ್ಣಕ್ಕೆ ತಿರುಗಿತ್ತು.

ಒಂದನ್ನು ಎತ್ತಿ ನನ್ನ ಕೈಗೆ ಕೊಟ್ಟ. ನಾನು ಅಭ್ಯಾಸಬಲದಿಂದ ಮೂಗಿನ ಹತ್ತಿರ ಒಯ್ದೆ.

“ಯಾಕ್ರಿ ಯಜಮಾನ್ರ, ಹಳಸೈತೇನು?” ಎಂದು ಅವನು ನಕ್ಕ.

“ಹೊಸಾ ಮಾಲು, ವಾಸ್ನಿ ಚಲೋ ಐತಿ,” ಎಂದೆ. “ಇದಕ್ಕ ಸುಗ್ಗಿ ಯಾವಾಗಪ್ಪ?”

“ಏನಂದ್ರಿ?”

“ರೇಟು ಬೀಳೋದು ಯಾವ ತಿಂಗಳಾಗ?”

“ಇದರ ರೇಟು ದಿನಾ ಬೀಳ್ತೈತ್ರಿ. ಈಗ ತಗೊಂಡು ಆ ಬಾಗ್ಲ ದಾಟ್ರಿ, ಅಷ್ಟ್ರಾಗ ಬಿದ್ದಿರ್ತೈತಿ.”

“ಮತ್ತ ಇಟ್ಟು ಹಳೇದು ಮಾಡಿದ್ರ ಏರಂಗಿಲ್ಲೇನು?”

“ಇಟ್ರ ಸಾಯ್ತೈತ್ರಿ.”

ಅಂದು ಮನೆಗೆ ನಡೆದು ಬರುವಾಗ ನನಗೆ ಮೈಮೇಲೆ ಎಚ್ಚರವಿರಲಿಲ್ಲ. ಜೀವಮಾನವಿಡೀ ವ್ಯಾಪಾರ ಮಾಡಿದ್ದೇನೆ, ಇಂಥ ಮಾಲನ್ನು ಕಂಡಿರಲಿಲ್ಲ. ಬೀಳುತ್ತಲೇ ಇರುತ್ತದೆ, ಏರುವುದೇ ಇಲ್ಲ. ಹೊಸದು ಹಳೆಯದಕ್ಕಿಂತ ಒಳ್ಳೆಯದು, ಮತ್ತು ಅಗ್ಗ. ಹಾಗಿದ್ದರೆ ಇದನ್ನು ಯಾರಾದರೂ ಯಾಕೆ ಇವತ್ತು ಕೊಳ್ಳುತ್ತಾರೆ? ನಾಳೆ ಕೊಳ್ಳುವವನು ಯಾವಾಗಲೂ ಇವತ್ತಿನವನಿಗಿಂತ ಜಾಣ. ಆದರೆ ನಾಡಿದ್ದಿನವನು ಅವನಿಗಿಂತ ಜಾಣ. ಇದಕ್ಕೆ ಕೊನೆ ಎಲ್ಲಿ? ಎಲ್ಲೋ ಒಂದು ತಳ ಇರಲೇಬೇಕು, ಅದನ್ನು ನಾನು ಕಂಡುಹಿಡಿಯುತ್ತೇನೆ ಎಂದುಕೊಂಡೆ. ಬಹಳ ವರ್ಷಗಳ ಮೇಲೆ ತಲೆಗೆ ಕೆಲಸ ಸಿಕ್ಕಿತ್ತು.

ಮೊದಮೊದಲು ವಾರಕ್ಕೊಮ್ಮೆ ಹೋಗುತ್ತಿದ್ದವನು ದಿನಬಿಟ್ಟು ದಿನ ಹೋಗತೊಡಗಿದೆ. ಅಂಗಡಿಯವ ನನಗೊಂದು ಸ್ಟೂಲು ಹಾಕಿಸಿದ. ಹನ್ನೊಂದು ಗಂಟೆಯ ಚಹಾದಲ್ಲಿ ನನ್ನದೂ ಒಂದು ಲೋಟ ಸೇರಿಕೊಂಡಿತು. ನಾನು ಕೇಳುತ್ತಿದ್ದೆ, ಅವನು ಹೇಳುತ್ತಿದ್ದ. ಒಳಗೆ ಎರಡು ಬಗೆಯ ಜಾಗ ಇರುತ್ತದಂತೆ. ಒಂದರಲ್ಲಿ ಎಲ್ಲವನ್ನೂ ತುಂಬಿಡುವುದು, ಇನ್ನೊಂದರಲ್ಲಿ ಆ ಹೊತ್ತಿನ ಕೆಲಸ ಮಾಡುವುದು. ಅವನು ಇಂಗ್ಲಿಷ್ ಹೆಸರುಗಳಲ್ಲಿ ಸಿಕ್ಕಿಕೊಂಡು ಒದ್ದಾಡುವಾಗ ನಾನೇ ಬಿಡಿಸಿ ಹೇಳಿದೆ: ಒಂದು ಕಾಳು ತುಂಬಿಡುವ ಹಗೇವು, ಇನ್ನೊಂದು ರಾಶಿ ಮಾಡುವ ಕಣ. ಹಗೇವು ಎಷ್ಟೇ ದೊಡ್ಡದಿದ್ದರೂ ಕಣ ಸಣ್ಣದಿದ್ದರೆ ಎತ್ತು ತಿರುಗುವುದಿಲ್ಲ. ಅವನಿಗೆ ಆ ಮಾತು ಬಹಳ ಹಿಡಿಸಿತು. ಬಂದ ರೈತರಿಗೆಲ್ಲ ಹಾಗೆಯೇ ಹೇಳಿ ಮಾರತೊಡಗಿದ.

ಒಮ್ಮೆ ರಿಪೇರಿಗೆ ಬಂದಿದ್ದ ಒಂದರ ಬೆನ್ನನ್ನು ಬಿಚ್ಚಿ ತೋರಿಸಿದ. ಒಳಗೆ ಅಂಗುಷ್ಠದ ಅಗಲದ ಫ್ಯಾನು, ಅದರ ಸುತ್ತ ಕೆಂಪು ಧೂಳು ಕಂಬಳಿಯಂತೆ ಹೆಣೆದುಕೊಂಡಿತ್ತು. “ಇದಕ್ಕೂ ಉಸಿರು ಐತ್ರಿ, ನಿಮ್ಮಂಗ ಉಬ್ಬಸ ಹತ್ತೈತಿ,” ಎಂದ. ನಾನು ಚಿಟಿಕೆಯಷ್ಟನ್ನು ಅಂಗೈಯಲ್ಲಿ ತಿಕ್ಕಿ ನಾಲಿಗೆಗೆ ಹಚ್ಚಿಕೊಂಡೆ. ಕಬ್ಬಿಣದ ರುಚಿ. ಸಂಡೂರಿನ ಗುಡ್ಡ ಲಾರಿ ಹತ್ತಿ, ಬೀದಿಗೆ ಬಂದು, ಫ್ಯಾನಿನ ಸಂದಿಯಲ್ಲಿ ಹೊಕ್ಕು, ಲೆಕ್ಕ ಮಾಡುವ ಯಂತ್ರದ ಎದೆಯಲ್ಲಿ ಕುಳಿತಿದೆ! ಆ ದಿನ ಊಟದ ಹೊತ್ತು ಮೀರಿದ್ದೇ ನನಗೆ ತಿಳಿಯಲಿಲ್ಲ.

ಮನೆಯಲ್ಲಿ ಹೆಂಡತಿ ಕಾಯುತ್ತಿದ್ದಳು. “ಆ ಅಂಗಡ್ಯಾವ ನಿಮ್ಮನ್ನ ಮನಿ ಅಳಿಯನ್ನ ಮಾಡ್ಕೊಂಡಾನೇನು? ತಾಳಿ ಕಟ್ಟಿ ಬರ್ರಿ, ನಾ ಅಕ್ಷತಿ ಹಾಕ್ತೀನಿ,” ಎಂದಳು.

“ನಿನಗ ತಿಳಿಯಂಗಿಲ್ಲ ಸುಮ್ಕಿರು. ಮಾಲು ನೋಡಾಕತ್ತೀನಿ.”

“ಹುಡುಗಿ ಬೇಕು ಅಂದಿದ್ದು ಲ್ಯಾಪ್‌ಟಾಪು. ನೀವು ಅದರ ಜಾತಕ ತರಾಕತ್ತೀರಿ.”

ಸೊಸೆ ನಗಲಿಲ್ಲ. ತಟ್ಟೆ ಇಟ್ಟಳು.

ಒಂದು ದಿನ ಚೌಕಾಸಿ ಮಾಡಿಯೇಬಿಡೋಣ ಎಂದು ಹೋದೆ. ಹಳೆಯ ಕಾಲದ ದಲಾಲಿಗಳು ಧಾರಣೆಯನ್ನು ಬಾಯಲ್ಲಿ ಆಡುವುದಿಲ್ಲ. ಟವೆಲ್ ಮರೆಯಲ್ಲಿ ಎದುರಿನವನ ಬೆರಳು ಹಿಡಿದು ಹೇಳುತ್ತಾರೆ. ನಾನು ಹೆಗಲ ಮೇಲಿನ ಟವೆಲ್ ತೆಗೆದು ಕೈ ಮೇಲೆ ಹಾಕಿಕೊಂಡು ಮುಂದೆ ಚಾಚಿದೆ. ಅಂಗಡಿಯವ ಗಾಬರಿಯಾಗಿ, “ಕೈಗೇನಾತ್ರಿ? ಗಾಡಿ ತೆಗೀಲೇನು, ದವಾಖಾನಿಗೆ ಹೋಗೋಣು?” ಎಂದ. ಹೇಗೆಂದು ಹೇಳಿಕೊಟ್ಟೆ. ಕಲಿತುಕೊಂಡ. ಟವೆಲ್ಲಿನ ಕೆಳಗೆ ಬಹಳ ಹೊತ್ತು ಬೆರಳು ಹಿಡಿದಾಡಿದೆವು. ಬೆಲೆ ಕುದುರಿತು. ನಾನು ಬಯಸಿದಷ್ಟಕ್ಕೇ ಕುದುರಿತು. ಆ ಗಳಿಗೆಯಲ್ಲಿ ನನ್ನ ಎದೆಯಲ್ಲಿ ಏನೋ ಕುಸಿದಂತಾಯಿತು. ಸಂತೋಷವಾಗಬೇಕಿತ್ತು, ಆಗಲಿಲ್ಲ. ನಾನು ಕೈ ಹಿಂದಕ್ಕೆ ತೆಗೆದುಕೊಂಡು, “ಸಂಕ್ರಾಂತಿಗೆ ಹೊಸಾದು ಬರ್ತೈತಿ ಅಂದಿದ್ಯಲ್ಲ, ಅದನ್ನೂ ನೋಡಿಬಿಡೋಣು ತಡಿ,” ಎಂದೆ.

ಆ ಕುಸಿತ ಏನೆಂದು ಆಗ ವಿಚಾರಿಸಲಿಲ್ಲ. ಪ್ರಪಂಚದ ಎಲ್ಲದರ ಬಗ್ಗೆ ಕುತೂಹಲವಿದ್ದವನಿಗೆ ತನ್ನ ಬಗ್ಗೆ ಮಾತ್ರ ಇರಲಿಲ್ಲ.

ಸಂಕ್ರಾಂತಿ ಬಂತು. ಸೊಸೆ ಎಳ್ಳುಬೆಲ್ಲ ಕೊಡುತ್ತ ಕೇಳಿದಳು: “ಏನಾತ್ರಿ ಮಾವಾರ?”

“ಬಂದೈತಿ. ಕಣ ದೊಡ್ಡದು ಮಾಡ್ಯಾರ. ಆದ್ರ ಬ್ಯಾಟ್ರಿ ಹಳೇದ ಐತಿ. ಇನ್ನೊಂದ್ ತಿಂಗಳಿಗೆ ಬ್ಯಾಟ್ರೀನೂ ಬದಲಾಗ್ತೈತಂತ.”

“ನನಗ ಟೈಪ್ ಮಾಡಾಕ ಅಷ್ಟ ಬೇಕ್ರಿ. ಯಾವುದಾದ್ರೂ ನಡೀತೈತಿ.”

“ಯಾವುದಾದ್ರೂ ಅಂತ ತಗೊಂಡ್ರ ಆಮ್ಯಾಲೆ ಕೈ ಕೈ ಹಿಚುಕ್ಕೋಬೇಕಾಗ್ತೈತವ್ವ. ನನ್ ಮಾತು ಕೇಳು. ಕಾಯೋಣು.”

ಅವಳು ತಲೆಯಾಡಿಸಿದಳು. ನನ್ನ ಮಾತು ಕೇಳುವುದೂ ನಮ್ಮ ಮನೆಯ ಪದ್ಧತಿಯೇ.

ಅಷ್ಟರಲ್ಲಿ ನಾನು ಆ ಅಂಗಡಿಯ ದೊಡ್ಡ ಮನುಷ್ಯನಾಗಿದ್ದೆ. ಸ್ವಂತಕ್ಕೊಂದು ಲ್ಯಾಪ್‌ಟಾಪ್ ಇಲ್ಲದ ನನ್ನನ್ನು ಊರವರು ಬಂದು ಸಲಹೆ ಕೇಳುತ್ತಿದ್ದರು. ಸಂಡೂರಿನಿಂದ ಒಬ್ಬ ಲಾರಿ ಮಾಲೀಕ ಬಂದ. ಬಿಳಿ ಅಂಗಿ, ಬಿಳಿ ಪ್ಯಾಂಟು, ಕಾಲರಿನ ಒಳಗೆ ಮಾತ್ರ ಕೆಂಪು ಗೆರೆ. “ಅಜ್ಜಾರ, ಎಲ್ಲಕ್ಕಿಂತ ತುಟ್ಟಿದು ಯಾವುದ್ರಿ?” ಎಂದ. “ಏನ್ ಕೆಲಸಕ್ಕಪ್ಪ?” ಎಂದರೆ, “ಕೆಲಸಾನೂ ಮಾಡ್ತೈತೇನ್ರಿ ಇದು? ಟೇಬಲ್ ಖಾಲಿ ಐತಿ, ಅದಕ್ಕ,” ಎಂದು ತಾನೇ ನಕ್ಕ. ಅವನಿಗೆ ಈಗಲೇ ಕೊಳ್ಳಿ ಎಂದೆ. ಕೊಂಡ. ಇಂಥವರು ಬಹಳ ಜನ. ಎಲ್ಲರಿಗೂ ನಾನು ಕೊಡುತ್ತಿದ್ದ ಉತ್ತರ ಸರಿಯಾಗಿಯೇ ಇರುತ್ತಿತ್ತು. ಅದನ್ನೇ ಈಗ ಹೇಳಬೇಕಾಗಿದೆ.

ಶಿವರಾತ್ರಿ ಹತ್ತಿರ ಬಂದಾಗ ಒಬ್ಬ ಸಣಕಲು ಮನುಷ್ಯ ಅಂಗಡಿಗೆ ಬಂದ. ಕಮಲಾಪುರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿದ್ದಾನಂತೆ. ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕಣ್ಣಲ್ಲಿ ಅನುಮಾನ. ಒಂದೊಂದನ್ನೂ ಮುಟ್ಟಿ ನೋಡಿ, ಬೆಲೆ ಕೇಳಿ, ಬಾಗಿಲವರೆಗೆ ಹೋಗಿ, ತಿರುಗಿ ಬಂದ. ಕೊನೆಗೆ ನನ್ನ ಸ್ಟೂಲಿನ ಹತ್ತಿರ ನಿಂತ.

“ಹಿರ್ಯಾರು ನೀವು, ಹೇಳ್ರಿ. ತಗೊಳ್ಳೋದಾ, ಇನ್ನೊಂದೆರಡು ತಿಂಗಳು ತಡಿಯೋದಾ? ರೇಟು ಇಳೀತೈತಿ ಅಂತಾರ.”

“ಇಳೀತೈತಿ. ಖರೆ. ಯಾತಕ್ಕ ಬೇಕು?”

“ದುಡಿಯಾಕ್ರಿ. ಟೈಪಿಂಗ್ ಕೆಲಸ ಬರೋ ಹಂಗ ಐತಿ.”

ನಾನು ಒಂದು ಕ್ಷಣವೂ ಯೋಚಿಸಲಿಲ್ಲ. “ಹಂಗಾದ್ರ ಇವತ್ತ ತಗೊ,” ಎಂದೆ. “ಶೋಕಿಗೆ ತಗೊಳ್ಳಾವ ಕಾಯ್ಲಿ. ದುಡಿಯಾಕ ತಗೊಳ್ಳಾವ ಕಾಯಬಾರ್ದು. ಕೊಯ್ಲಿಗೆ ಬಂದ ಹೊಲದಾಗ ನಿಂತು ಕುಡಗೋಲು ಅಗ್ಗ ಆಗ್ಲಿ ಅಂತ ಯಾರರ ಕಾಯ್ತಾರೇನೋ ತಮ್ಮಾ?”

ಅವನ ಮುಖ ತಿಳಿಯಾಯಿತು. ಅಂಗಡಿಯವ ಮೆಚ್ಚುಗೆಯಿಂದ ನನ್ನ ಕಡೆ ನೋಡಿದ. ಯಾವುದು ಸಾಕು, ಯಾವುದು ಬೇಡ ಎಂದು ನಾನೇ ಒಂದೊಂದನ್ನೂ ಮೂಸಿ ನೋಡಿ ಆರಿಸಿ ಕೊಟ್ಟೆ. ಚೀಲವನ್ನು ಎದೆಗೆ ಅವಚಿಕೊಂಡು ಹೋದ. ನಾನು ಒಳ್ಳೆಯ ಮಾತಾಡಿದೆನೆಂಬ ಹೆಮ್ಮೆಯಲ್ಲಿ ಇನ್ನೊಂದು ಚಹಾ ಕುಡಿದೆ. ಕಮಲಾಪುರ ಎಂದಾಗ, ಟೈಪಿಂಗ್ ಎಂದಾಗ, ನನಗೆ ಯಾವುದೂ ನೆನಪಾಗಲಿಲ್ಲವೇ? ಈಗ ಬಹಳ ಸಲ ನನ್ನನ್ನೇ ಕೇಳಿಕೊಂಡಿದ್ದೇನೆ. ಆಣೆ ಮಾಡಿ ಹೇಳುತ್ತೇನೆ, ಆಗಲಿಲ್ಲ. ಆದರೆ ಅದು ನನ್ನನ್ನು ಬಿಡುಗಡೆ ಮಾಡುವುದಿಲ್ಲ. ಕುಡುಗೋಲಿನ ಮಾತು ಬಾಯಿಗೆ ಅಷ್ಟು ಬೇಗ ಬಂತೆಂದರೆ ಅದು ಒಳಗೆ ಮೊದಲೇ ಇತ್ತು. ದಾರಿಹೋಕನಿಗೆ ಕೊಟ್ಟ ಉತ್ತರವನ್ನು ನನ್ನ ಮನೆಯ ಹುಡುಗಿಗೆ ಕೊಡದೆ ಇಟ್ಟುಕೊಂಡಿದ್ದೆ.

ಶಿವರಾತ್ರಿಯ ಹಿಂದಿನ ದಿನ ಸೊಸೆ ಕಮಲಾಪುರಕ್ಕೆ ಹೋಗಿ ಬಂದಳು. ಆಟೋದಿಂದ ಇಳಿದು, ಕಾಲು ತೊಳೆದು, ನನ್ನ ಮುಂದೆ ಬಂದು ನಿಂತಳು.

“ಮೇಷ್ಟ್ರು ಹುಡುಗ್ರನ್ನ ಜೆರಾಕ್ಸ್ ಅಂಗಡಿಯವರಿಗೆ ಕೊಟ್ರು ಮಾವಾರ. ಅವರ ಹತ್ರ ಲ್ಯಾಪ್‌ಟಾಪ್ ಬಂದೈತಿ. ಮೇಷ್ಟ್ರು ನಾಡಿದ್ದು ದಾವಣಗೇರಿಗೆ ಹೋಗ್ತಾರ. ಇನ್ನ ತಡ್ಯಾಕಾಗಂಗಿಲ್ಲ ಅಂದ್ರು.”

ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ಅವಳ ಮಾತು ಮುಗಿದಾಗ ನನ್ನ ಬಾಯಿಂದ ಬಂದ ಮೊದಲ ಮಾತು:

“ಯಾವ ಮಾಡೆಲ್?”

ಅವಳು ನನ್ನನ್ನು ನೋಡಿದಳು. ಆಮೇಲೆ ಯಾವ ಮಾಡೆಲ್ ಎಂದು ಹೇಳಿದಳು. ಬಣ್ಣ ಹೇಳಿದಳು, ಅದರ ಜೊತೆ ಕೊಟ್ಟ ಚೀಲ ಹೇಗಿದೆ ಎಂದೂ ಹೇಳಿದಳು. ಸಣಕಲು ಮನುಷ್ಯ, ಅನುಮಾನದ ಕಣ್ಣು, ಎದೆಗೆ ಅವಚಿಕೊಂಡ ಚೀಲ, ಎಲ್ಲವೂ ನನ್ನ ಮುಂದೆ ಬಂದು ನಿಂತವು. ಅವಳು ಒಳಗೆ ಹೋದಳು. ಅಂದಿನಿಂದ ಮೊರದ ಅಂಚಿನ ಮೇಲೆ ಅವಳ ಬೆರಳು ಆಡಿದ್ದನ್ನು ನಾನು ಕಾಣೆ.

ಬೇಸಿಗೆ ಮುಗಿಯುವ ಹೊತ್ತಿಗೆ ಬೆಲೆ ಬಿತ್ತು. ನಾನು ಹೇಳಿದ್ದಕ್ಕಿಂತ ಹೆಚ್ಚಿಗೇ ಬಿತ್ತು. ಬ್ಯಾಟರಿಯೂ ಹೊಸದು ಬಂತು. ಹೋಗಿ ಕೊಂಡುಬಂದೆ, ಚೌಕಾಸಿಯನ್ನೂ ಮಾಡಲಿಲ್ಲ. ದೇವರ ಮುಂದಿಟ್ಟು ಹೆಂಡತಿ ಕುಂಕುಮ ಹಚ್ಚಿದಳು. ಸೊಸೆ ತೆರೆದು, ಒಂದೆರಡು ಸಾಲು ಬಡಿದು, ಮುಚ್ಚಿ, “ಚಲೋ ಐತ್ರಿ ಮಾವಾರ,” ಎಂದಳು. ಅವಳ ಧ್ವನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಹಿಡಿದುಕೊಳ್ಳಲು ನನಗೊಂದು ಎಳೆ ಸಿಗುತ್ತಿತ್ತು.

ಅದರಲ್ಲಿ ಅವಳು ದುಡಿಯಲಿಲ್ಲ ಎಂದಲ್ಲ. ಚಿತ್ತವಾಡ್ಗಿಯವರ ಲಗ್ನಪತ್ರಿಕೆ, ನಗರಸಭೆಗೆ ಕೊಡುವ ಅರ್ಜಿ, ಒಬ್ಬಿಬ್ಬರು ಹುಡುಗರ ಪ್ರಬಂಧ, ಹೀಗೆ ಬಿಡಿಬಿಡಿಯಾಗಿ ಬಂದವು. ಮರುವರ್ಷದ ಸುಗ್ಗಿಗಾದರೂ ಹುಡುಗರು ಇವಳ ಕಡೆ ಬಂದಾರು ಎಂದು ನಾನು ಒಳಗೊಳಗೇ ಕಾದೆ. ಬರಲಿಲ್ಲ. ಅವರು ಜೆರಾಕ್ಸ್ ಅಂಗಡಿಯನ್ನು ರೂಢಿ ಮಾಡಿಕೊಂಡಿದ್ದರು. ಇನ್ನೂ ಕೆಲವು ವರ್ಷಕ್ಕೆ ಹುಡುಗರು ತಾವೇ ಯಂತ್ರ ಕೊಂಡು ತಾವೇ ಟೈಪ್ ಮಾಡಲು ಕಲಿತರು. ಆ ಬೆಳೆಯೇ ಎದ್ದುಹೋಯಿತು. ಇರುವಷ್ಟು ದಿನ ಕೊಯ್ದುಕೊಳ್ಳಬೇಕಾದ ಬೆಳೆ ಅದಾಗಿತ್ತು.

ನಾನು ಮತ್ತೆ ಆ ಅಂಗಡಿಗೆ ಹೋಗಲಿಲ್ಲ. ಅಂಗಡಿಯವ ದಾರಿಯಲ್ಲಿ ಸಿಕ್ಕಾಗ, “ಸ್ಟೂಲ್ ಖಾಲಿ ಐತ್ರಿ,” ಎನ್ನುತ್ತಿದ್ದ. ಮೊಣಕಾಲು ನೋವು ಎಂದು ಸುಳ್ಳು ಹೇಳುತ್ತಿದ್ದೆ. ಹೆಂಡತಿಗೆ ಮಾತ್ರ ಆಶ್ಚರ್ಯ. “ಗಂಡನ ಮನಿ ಬಿಟ್ಟು ತವರಿಗೆ ಬಂದೀರೇನು?” ಎಂದು ಕೆಣಕುತ್ತಿದ್ದಳು. ಅವಳಿಗೂ ಹೇಳಲಿಲ್ಲ.

ಗಣಿಗಳು ನಿಂತವು. ರಸ್ತೆಯಲ್ಲಿ ಲಾರಿಗಳು ಕಡಿಮೆಯಾದವು. ಒಂದು ಮಳೆಗಾಲದ ಕೊನೆಗೆ ನಮ್ಮ ಬೀದಿಯ ಬೇವಿನ ಮರ ಹಸಿರಾಗಿದ್ದನ್ನು ಕಂಡು ಹೊಸ ಮರ ನೆಟ್ಟರೇನೋ ಎಂದುಕೊಂಡೆ. ಮಗನ ಕ್ರಷರು ಮುಚ್ಚಿ, ಅವನು ಊರಲ್ಲೇ ಮೋಟಾರು ರಿಪೇರಿಗೆ ಕುಳಿತ. ಸೊಸೆಯ ಲ್ಯಾಪ್‌ಟಾಪಿನ ಗುಂಡಿಗಳ ಮೇಲಿನ ಅಕ್ಷರ ಅಳಿಸಿಹೋಗಿದ್ದವು, ಮುಚ್ಚಳದ ಕೀಲು ಮುರಿದು ಹಿಂದೆ ಇಟ್ಟಿಗೆ ಆಸರೆ ಕೊಟ್ಟಿದ್ದಳು. ಒಂದು ಸಂಜೆ ಅವಳು ಅದರ ಮುಂದೆ ಕುಳಿತಿದ್ದಾಗ ನಾನು ಹೋಗಿ ಎದುರಿಗೆ ಕುಳಿತೆ. ಹೇಳದೆ ಸತ್ತರೆ ಆಗುವುದಿಲ್ಲ ಎನ್ನಿಸಿತ್ತು.

“ಆ ಜೆರಾಕ್ಸ್ ಅಂಗಡಿಯವಗ ಅವತ್ತ ತಗೊ ಅಂತ ಹೇಳಿದಾವ ನಾನವ್ವ,” ಎಂದೆ.

ಅವಳು ಟೈಪ್ ಮಾಡುವುದನ್ನು ನಿಲ್ಲಿಸಲಿಲ್ಲ. “ಗೊತ್ತೈತ್ರಿ.”

“ಗೊತ್ತೈತಿ?”

“ನಾ ಕಮಲಾಪುರಕ್ಕ ಹೋದಾಗ ಅವ ಮೇಷ್ಟ್ರ ಮುಂದ ಹೇಳಾಕತ್ತಿದ್ನ್ರಿ. ಹೊಸಪ್ಯಾಟಿ ಅಂಗಡ್ಯಾಗ ಒಬ್ಬ ಅಜ್ಜ ಕುಂತಿರ್ತಾರ, ಕೈಯಾಗ ಏನ್ ಕೊಟ್ರೂ ಮೊದ್ಲು ಮೂಸಿ ನೋಡ್ತಾರ, ಅವರು ಕುಡಗೋಲಿನ ಮಾತು ಹೇಳಿದ್ರು ಅಂತ. ನಾ ಅಲ್ಲೇ ನಿಂತಿದ್ದೆ.”

ಹಾಗಾದರೆ, ಯಾವ ಮಾಡೆಲ್ ಎಂದು ನಾನು ಕೇಳಿದಾಗ ಅವಳಿಗೆ ಎಲ್ಲವೂ ತಿಳಿದಿತ್ತು. ತಿಳಿದೇ ಬಣ್ಣವನ್ನೂ ಚೀಲವನ್ನೂ ವರ್ಣಿಸಿದ್ದಳು. ಇಷ್ಟು ವರ್ಷ ನನ್ನ ತಟ್ಟೆಗೆ ಬಿಸಿ ಅನ್ನ ಬಡಿಸಿದ್ದಳು.

ಬೆರಳು ನಿಲ್ಲಿಸಿ ಕೇಳಿದಳು: “ನನಗೊಂದು ತಿಳೀಬೇಕಿತ್ರಿ. ಅವಗ ತಗೊ ಅಂದ್ರಿ, ನನಗ ಕಾಯಿ ಅಂದ್ರಿ. ಯಾಕ್ರಿ?”

ಅದು ಬೈಗುಳವಾಗಿರಲಿಲ್ಲ. ನಿಜವಾಗಿ ತಿಳಿಯಬೇಕೆಂದು ಕೇಳಿದಳು. ನಾನು ಫ್ಯಾನಿನ ಧೂಳಿನ ಬಗ್ಗೆ ಕೇಳಿದ ಹಾಗೆ. ಆದ್ದರಿಂದ ನಾನೂ ನಿಜವನ್ನೇ ಹುಡುಕಬೇಕಾಯಿತು. ದುಡ್ಡಿನ ಆಸೆ ಎನ್ನಬಹುದಿತ್ತು. ಹೆಣ್ಣುಮಗಳು ದುಡಿಯುವುದು ಬೇಡವಾಗಿತ್ತು ಎಂದರೂ ನಂಬುತ್ತಿದ್ದಳು. ಎರಡೂ ಅಲ್ಲ. ಟವೆಲ್ಲಿನ ಕೆಳಗೆ ಬೆಲೆ ಕುದುರಿದಾಗ ಎದೆಯಲ್ಲಿ ಕುಸಿದದ್ದು ನೆನಪಾಯಿತು.

“ಅವ ತಗೊಂಡ್ರ ನನಗೇನೂ ಹೋಗ್ತಿರ್ಲಿಲ್ಲ,” ಎಂದೆ. “ನಿನಗ ತಗೊಂಡುಬಿಟ್ರ ನನ್ನ ಕೆಲಸ ಮುಗೀತಿತ್ತು. ಆ ಸ್ಟೂಲಿನ ಮ್ಯಾಲೆ ಕುಂದ್ರಾಕ ನೆವ ಇರ್ತಿರ್ಲಿಲ್ಲ. ಕೇಳಾಕ ಪ್ರಶ್ನೆ ಇರ್ತಿರ್ಲಿಲ್ಲ. ಭಾಳ ದಿನದ ಮ್ಯಾಲೆ ಜೀವ ಬಂದಂಗಾಗಿತ್ತವ್ವ ನನಗ. ಅದನ್ನ ಬಿಡಾಕ ಆಗ್ಲಿಲ್ಲ.”

ಅವಳು ಇದನ್ನು ಮನಸ್ಸಿನಲ್ಲೇ ತಿರುಗಿಸಿ ನೋಡಿದಳು. “ಇಷ್ಟ ಏನ್ರಿ?” ಎಂದಳು. ಇಟ್ಟಿಗೆ ಸರಿಸಿ, ಮುಚ್ಚಳ ಹಾಕಿ ಮತ್ತೆ, “ಇಷ್ಟಕ್ಕ?” ಎಂದಳು. ಮೊದಲನೆಯದರಲ್ಲಿ ಹಗುರವಿತ್ತು, ಎರಡನೆಯದರಲ್ಲಿ ಇರಲಿಲ್ಲ. ಎರಡೂ ನನಗೆ ಸಲ್ಲಬೇಕಾದವೇ. ಎದ್ದು ಒಲೆಯ ಕಡೆ ಹೋದಳು. ಆ ರಾತ್ರಿ ಅನ್ನ ಬಡಿಸಿದ್ದು ಹೆಂಡತಿ.

ಕೆಲವು ದಿನ ಬಿಟ್ಟು ಅವಳು ಸೀರೆ ಉಟ್ಟು, ಕೈಚೀಲ ಹಿಡಿದು ಹೊರಟು ನಿಂತಳು. ತನ್ನ ದುಡಿಮೆಯಲ್ಲಿ ಉಳಿಸಿಟ್ಟದ್ದರಲ್ಲಿ ಹೊಸದೊಂದನ್ನು ಕೊಳ್ಳಲು. ನಾನು ಜಗುಲಿಯ ಮೇಲೆ ಕುಳಿತಿದ್ದೆ. ಈಗಲೋ, ಕಾಯಬೇಕೋ ಎಂದು ಅವಳು ಯಾರನ್ನೂ ಕೇಳಿರಲಿಲ್ಲ.

“ಬರ್ರಿ ಮಾವಾರ,” ಎಂದಳು.

“ನಾ ಬ್ಯಾಡವ್ವ.”

“ಬರ್ರಿ. ನೋಡಾಕ ನಿಮಗ ಖುಷಿ ಅಲ್ಲೇನು.”

ಅದೇ ಅಂಗಡಿ. ಗಾಜು ಈಗ ಸ್ವಚ್ಛವಾಗಿತ್ತು, ಅಂಗಡಿಯವನ ತಲೆ ಅರ್ಧ ಬೆಳ್ಳಗಾಗಿತ್ತು. ನನ್ನನ್ನು ಕಂಡು ಸ್ಟೂಲನ್ನು ತಾನೇ ಎಳೆದು ಹಾಕಿದ. ಲ್ಯಾಪ್‌ಟಾಪುಗಳು ರೊಟ್ಟಿಯಷ್ಟು ತೆಳ್ಳಗಾಗಿದ್ದವು. ಅಷ್ಟು ತೆಳುವಿನಲ್ಲಿ ಫ್ಯಾನು ಎಲ್ಲಿ ಕುಳಿತಿದೆ? ಗಾಳಿ ಎಲ್ಲಿಂದ ಹೋಗುತ್ತದೆ? ಪ್ರಶ್ನೆಗಳು ಒಂದರ ಮೇಲೊಂದು ಗಂಟಲಿಗೆ ಬಂದವು. ತುಟಿ ಬಿಗಿಹಿಡಿದು, ಎರಡೂ ಕೈಯನ್ನು ತೊಡೆಯ ಕೆಳಗೆ ಇಟ್ಟುಕೊಂಡು ಕುಳಿತೆ.

ಸೊಸೆ ಒಂದನ್ನು ತೆರೆದಳು, ನಿಂತಲ್ಲೇ ಒಂದು ಸಾಲು ಬಡಿದಳು, ಮುಚ್ಚಿದಳು. “ಇದ,” ಎಂದಳು.

“ಇನ್ನೊಂದ್ ಹದಿನೈದ್ ದಿನಕ್ಕ ಹೊಸಾದು ಬರ್ತೈತ್ರಿ ಅಕ್ಕಾರ,” ಎಂದ ಅಂಗಡಿಯವ, ನನ್ನ ಕಡೆ ಕಣ್ಣು ಮಿಟುಕಿಸಿ. “ಯಜಮಾನ್ರನ್ನ ಕೇಳ್ರಿ ಬೇಕಾದ್ರ.”

ನಾನು ನೆಲ ನೋಡಿದೆ. ಸೊಸೆ ಕೈಚೀಲದ ಬಾಯಿ ಬಿಚ್ಚಿದಳು.

“ಮೊದ್ಲು ಬಿಲ್ ಮಾಡ್ರಿ,” ಎಂದಳು. “ಆಮ್ಯಾಲೆ ಅವರು ಕೇಳಿದ್ದಕ್ಕೆಲ್ಲ ಹೇಳ್ರಿ. ನನಗೇನೂ ಅವಸರಿಲ್ಲ, ನಾ ಇಲ್ಲೇ ಕುಂತಿರ್ತೀನಿ.”

ಬಿಲ್ಲಾಯಿತು. ಅಂಗಡಿಯವ ಅದನ್ನು ಚೀಲಕ್ಕೆ ಹಾಕುವ ಮೊದಲು ಅವಳು ತೆಗೆದುಕೊಂಡು ನನ್ನ ತೊಡೆಯ ಮೇಲಿಟ್ಟಳು. ಕೊಂಡಾಗಿತ್ತು, ಮುಗಿದಿತ್ತು. ಎದೆ ಕುಸಿಯುತ್ತದೆಂದು ಕಾದೆ. ಕುಸಿಯಲಿಲ್ಲ. ನಾನು ಅದನ್ನು ಎತ್ತಿ, ಅಡ್ಡ ಹಿಡಿದು, ಅಂಚಿನ ಸಂದಿಗೆ ಮೂಗು ಹಚ್ಚಿ ನೋಡಿದೆ.

“ಇದರ ಉಸಿರು ಎಲ್ಲೈತಪ್ಪ?” ಎಂದು ಕೇಳಿದೆ.